ತಟ್ಟೆಯಲ್ಲುಳಿದ ಪೆನಾ

ನೆಲ್ಡಾ ಒಯಾರ್ಸೂನ್ ಅವರ ಕೋಣೆಗೆ ಬಂದವರು ಅಳದೆ ಹೋದದ್ದು ಕಡಿಮೆ. ಚಿಲಿಯ ಕಾನ್ಸೆಪ್ಸಿಯೋನ್ ಊರಾಚೆ, ಹೆಸರು ಹೇಳಿದರೆ ಊರಿನವರೇ ‘ಅದೆಲ್ಲಿ?’ ಎಂದು ಕೇಳುವಂಥ ಒಂದು ವಿಶ್ವವಿದ್ಯಾಲಯದಲ್ಲಿ ಅವರು ವಿದ್ಯಾರ್ಥಿಗಳ ಆಪ್ತಸಮಾಲೋಚಕಿ. ಮೆಟ್ಟಿಲ ಕೆಳಗಿನ ಕೋಣೆ, ಗ್ಯಾಸಿನ ಹೀಟರು, ಎರಡು ಕುರ್ಚಿ, ನಡುವೆ ಟಿಶ್ಯೂ ಡಬ್ಬಿ. ಬಂದವರ ಕಣ್ಣು ತುಂಬುವ ಮೊದಲೇ ಡಬ್ಬಿ ಅವರತ್ತ ಸರಿದಿರುತ್ತಿತ್ತು. ‘ಮೇಡಂ ನಲ್ಲಿ ತಿರುಗಿಸಿದರು’ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು.

ಅವರು ಲೋತಾದ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. ಅಪ್ಪ ಗಣಿಯಿಂದ ಬಂದು ಮುಖ ತೊಳೆದು, ಸೂಪು ಕುಡಿದು, ಗೋಡೆ ನೋಡುತ್ತ ಕೂರುತ್ತಿದ್ದ. ತನ್ನ ತಮ್ಮ ಗಣಿಯೊಳಗೇ ಉಳಿದುಹೋದ ದಿನವೂ ಹಾಗೆಯೇ ಕೂತಿದ್ದ. ಅಪ್ಪ ಅತ್ತಿದ್ದರೆ ಇನ್ನಷ್ಟು ವರ್ಷ ಬದುಕುತ್ತಿದ್ದ ಎಂಬುದು ಮಗಳ ನಂಬಿಕೆ. ಡಾಕ್ಟರು ಶ್ವಾಸಕೋಶ ಎಂದಿದ್ದರು, ಇವರು ಒಪ್ಪಲಿಲ್ಲ. ಮನಶ್ಶಾಸ್ತ್ರ ಓದಿ ಕೆಲಸಕ್ಕೆ ಸೇರಿದಾಗ ತಾಯಿ ನೆರೆಹೊರೆಗೆ ‘ಮಗಳು ಟೀಚರು’ ಎಂದು ಹೇಳಿಕೊಂಡು ಬಂದರು. ಹುಚ್ಚರ ಡಾಕ್ಟರು ಎಂದರೆ ಯಾರು ಮದುವೆಯಾಗುತ್ತಾರೆ ಎಂಬ ಭಯ. ಭಯ ಸುಳ್ಳಾಗಲಿಲ್ಲ, ಅದಕ್ಕಾಗಿ ನೆಲ್ಡಾ ಕೊರಗಲೂ ಇಲ್ಲ.

ಆ ಚಳಿಗಾಲದಲ್ಲಿ ಅವರ ಬಳಿಗೆ ಯುಲೈಸಿ ಬಂದಳು. ನರ್ಸಿಂಗ್ ಓದುವ, ವೆನೆಜುವೆಲಾದ ಮರಕೈಬೋ ಕಡೆಯ ಹುಡುಗಿ. ಎರಡು ಸ್ವೆಟರ್ ತೊಟ್ಟರೂ ನಡುಗುತ್ತಿದ್ದಳು. ಪರೀಕ್ಷೆಗಳಲ್ಲಿ ಮುಂದು, ಆದರೆ ಆಸ್ಪತ್ರೆಯ ವಾರ್ಡಿನ ತರಬೇತಿಗೆ ಹೋಗುವುದನ್ನೇ ನಿಲ್ಲಿಸಿದ್ದಳು. ಮುಂದಿನ ಸುತ್ತಿಗೂ ಹೋಗದಿದ್ದರೆ ಆ ವರ್ಷ ನೀರಿಗೆ ಬಿದ್ದಂತೆ.

“ವಾರ್ಡಿಗೆ ಯಾಕಮ್ಮ ಹೋಗ್ತಿಲ್ಲ?” ಎಂದು ನೆಲ್ಡಾ ಕೇಳಿದರು.

“ಪೆನಾ ಆಗತೈತ್ರಿ ಡಾಕ್ಟರ್ರ.”

ಲೋತಾದವರ ಸ್ಪ್ಯಾನಿಷ್‌ನಲ್ಲಿ ಪೆನಾ ಎಂದರೆ ದುಃಖ. ಆ ಪದದ ನೆರಳಲ್ಲೇ ಬೆಳೆದವರು ನೆಲ್ಡಾ. ಡಬ್ಬಿ ಸರಿಯಿತು. ಬಿಟ್ಟು ಬಂದ ಊರು, ಮನೆ, ಅಜ್ಜಿ ಎಲ್ಲವನ್ನೂ ಕೇಳಿದರು. ಅಜ್ಜಿಯ ಮಾತೆತ್ತಿದರೆ ಯಾರ ಕಣ್ಣು ತಾನೇ ಒದ್ದೆಯಾಗುವುದಿಲ್ಲ? ಯುಲೈಸಿ ಚೆನ್ನಾಗಿ ಅತ್ತಳು. ವಾರ ವಾರ ಬಂದು ಅತ್ತು, ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದಳು. ಚಿಕಿತ್ಸೆ ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಹುಡುಗಿ ಮಾತ್ರ ವಾರ್ಡಿನತ್ತ ತಲೆ ಹಾಕಲಿಲ್ಲ.

ಇಷ್ಟು ದುಃಖ ಹೊತ್ತವಳು ರೋಗಿಗಳನ್ನು ನೋಡುವುದು ಬೇಡ ಎಂದು ನೆಲ್ಡಾ ತೀರ್ಮಾನಿಸಿದರು. “ಈ ಸೆಮಿಸ್ಟರ್ ರಜೆ ತೊಗೊಂಡ್ಬಿಡು ಮಗಳೇ. ಏನಂತೀಯಾ?”

“ನಿಮಗ ಹೆಂಗ ಸರಿ ಅನಸ್ತೈತೋ ಹಂಗ ಮಾಡ್ರಿ,” ಎಂದಳು ಯುಲೈಸಿ, ನೆಲ ನೋಡುತ್ತ.

ಗುರುವಾರ ಬೆಳಿಗ್ಗೆ ನೆಲ್ಡಾ ನರ್ಸಿಂಗ್ ವಿಭಾಗದ ಮುಖ್ಯಸ್ಥೆ ಗ್ಲಾದಿಸ್‌ಗೆ ಫೋನ್ ಮಾಡಿ ರಜೆ ಕೊಡಿಸಿದರು. ಸೋಮವಾರ ಶುರುವಾಗುವ ವಾರ್ಡಿನಲ್ಲಿ ಯುಲೈಸಿಯ ಜಾಗ ಬೇರೆ ಹುಡುಗಿಗೆ ಹೋಯಿತು. ಸಂಜೆ ಯುಲೈಸಿ ಬಂದಾಗ, ಸುದ್ದಿ ಹೇಳುವ ಮೊದಲು ಬಾಯಿ ಸಿಹಿಯಾಗಲಿ ಎಂದು ನೆಲ್ಡಾ ಟೀ ಮಾಡಿ, ನಿಂಬೆಯ ಕೇಕು ಕೊಯ್ದಿಟ್ಟರು. ಇಬ್ಬರೂ ತಿಂದರು. ಒಂದು ತುಂಡು ಉಳಿಯಿತು.

“ತೊಗೋ, ಇದೊಂದನ್ನ ಯಾಕೆ ಬಿಡ್ತೀಯಾ?”

“ಬ್ಯಾಡ್ರಿ. ಪೆನಾ ಆಗತೈತಿ.”

ನೆಲ್ಡಾ ಅವರ ಕೈ ಅಭ್ಯಾಸಬಲದಿಂದ ಡಬ್ಬಿಯತ್ತ ಹೋಯಿತು. ಅರ್ಧದಲ್ಲೇ ನಿಂತಿತು. “ಕೇಕಿಗೆ ಯಾಕೆ ದುಃಖ ಮಾರಾಯ್ತಿ? ಇದೂ ನಿಮ್ಮಜ್ಜಿ ಮಾಡ್ತಿದ್ರಾ?”

ಯುಲೈಸಿ ಕಣ್ಣರಳಿಸಿದಳು. “ದುಃಖ ಎಲ್ಲಿ ಬಂತ್ರಿ? ತಾಟಿನಾಗ ಉಳಿದ ಕಡೀ ತುಂಡಿಗೆ ನಮ್ಮನ್ಯಾಗ ಪೆನಾ ತುಂಡು ಅಂತೇವಿ. ಎಲ್ಲಾರಿಗೂ ಬೇಕು, ತಗೊಳ್ಳಾಕ ಮಾತ್ರ ನಾಚಿಕಿ. ಪೆನಾ ಅಂದ್ರ ನಾಚಿಕಿ ಅಲ್ಲೇನ್ರಿ?”

ಹೀಟರು ಬುಸುಗುಡುತ್ತಿತ್ತು. ಇಷ್ಟು ದಿನ ತಾವು ಪಟ್ಟಿ ಕಟ್ಟುತ್ತಿದ್ದದ್ದು ಇಲ್ಲದ ಗಾಯಕ್ಕೆ ಎಂಬುದು ನೆಲ್ಡಾ ಅವರ ತಲೆಗೆ ನಿಧಾನವಾಗಿ ಇಳಿಯಿತು.

“ಹಾಗಾದ್ರೆ ವಾರ್ಡಿಗೆ ಹೋಗೋಕೆ ನಿಂಗೆ ನಾಚಿಕೆಯಾ? ಏನಾಯ್ತಲ್ಲಿ?”

ಅವಳು ಸ್ವೆಟರಿನ ತೋಳು ಎಳೆದುಕೊಂಡಳು. “ಒಬ್ಬ ಅಜ್ಜಗ ಜ್ವರ ಬಂದಿತ್ತು. ಎಷ್ಟೈತಿ ಅಂತ ವಾರ್ಡಿನವರು ಕೇಳಿದ್ರು. ಎಲ್ಲಾರ ಮುಂದ ಜೋರಾಗಿ ಹೇಳಿದ್ನಿ, ಮೂವತ್ತೆಂಟು ಮತ್ತ ಪೀಕೋ ಅಂತ.”

ಅವಳ ಸೀಮೆಯಲ್ಲಿ ಪೀಕೋ ಎಂದರೆ ಚಿಲ್ಲರೆ. ಮೂವತ್ತೆಂಟು ಚಿಲ್ಲರೆ ಡಿಗ್ರಿ, ಅದರಲ್ಲೇನೂ ತಪ್ಪಿಲ್ಲ. ಆದರೆ ಚಿಲಿಯಲ್ಲಿ ಆ ಪದ ಗಂಡಸು ಚಡ್ಡಿಯೊಳಗೆ ಇಟ್ಟುಕೊಳ್ಳುವ ವಸ್ತುವಿನ ಹೆಸರು, ಅದೂ ಮನೆಯಲ್ಲಿ ಆಡಬಾರದ ಹೆಸರು. ವಾರ್ಡಿಗೆ ವಾರ್ಡೇ ನಕ್ಕಿತ್ತು. ಜ್ವರದ ಅಜ್ಜನಂತೂ ಕೆಮ್ಮಿ ಕೆಮ್ಮಿ ನಕ್ಕಿದ್ದ. ಅಂದಿನಿಂದ ಅವಳ ಹೆಸರೇ ಪೀಕೋ.

ನೆಲ್ಡಾ ತುಟಿ ಕಚ್ಚಿ ಹಿಡಿದರು. ಗಂಭೀರವಾದದ್ದು ಏನಾದರೂ ನೆನೆಯಲು ನೋಡಿದರು. ಆಗಲಿಲ್ಲ, ಕಲ್ಲಿದ್ದಲು ಗಣಿಯವರ ಮಗಳಿಗೆ ಬರುವ ಹೊಟ್ಟೆಯಾಳದ ನಗು ಉಕ್ಕಿ ಬಂತು. ಯುಲೈಸಿಯ ಮುಖ ಸಪ್ಪಗಾಯಿತು.

“ನೀವೂ ನಕ್ರಿ.”

“ನಂಗೆ ಪೆನಾ ಆಗ್ತಿದೆ ಕಣೆ,” ಎಂದರು ನೆಲ್ಡಾ.

“ಯಾವ ಪೆನಾ? ನಿಮ್ಮದೋ ನಮ್ಮದೋ?”

“ನಿಮ್ಮದು,” ಎಂದು, ಮುಚ್ಚಿಡದೆ ಉಳಿದದ್ದನ್ನೂ ಹೇಳಿಬಿಟ್ಟರು. “ಬೆಳಿಗ್ಗೆ ನಿನ್ನ ರಜೆ ಮಂಜೂರಾಯ್ತು. ಸೋಮವಾರದ ಜಾಗ ಹೋಯ್ತು. ನಾನೇ ಫೋನ್ ಮಾಡಿದ್ದು, ನಾನೇ ತಪ್ಪು ತಿಳ್ಕೊಂಡಿದ್ದು. ಆದ್ರೆ ಕೇಳಿದಾಗ ನೀನ್ಯಾಕೆ ಬೇಡ ಅನ್ಲಿಲ್ಲ?”

“ಡಾಕ್ಟರಿಗೆ ಬ್ಯಾಡ ಅನ್ನಾಕ ಪೆನಾ ಆಗೂದಿಲ್ಲೇನ್ರಿ!” ಯುಲೈಸಿ ಎದ್ದು ನಿಂತಳು. ಕಿವಿ ಕೆಂಪಾಗಿತ್ತು. “ನಾಚಿಕಿ ಹುಡುಗಿ ಅಂತ ನೀವು ಮನಿಗೆ ಕಳಸಾಕತ್ತೀರಿ ಅಂತ ತಿಳಕೊಂಡಿದ್ನಿ ನಾ. ನಿಮ್ಮ ಕಿವಿ ತಪ್ಪಿಗೆ ನಾ ಯಾಕ ಒಂದು ವರ್ಷ ಕುಂದರ್ಲಿ? ಗ್ಲಾದಿಸ್ ಮೇಡಂ ಮ್ಯಾಲ ಅದಾರೇನು?”

ಆ ಕೋಣೆಯಲ್ಲಿ ಅವಳ ದನಿ ಅಷ್ಟು ಏರಿದ್ದು ಅದೇ ಮೊದಲು. ನೆಲ್ಡಾ ಅವರಿಗೆ ಅವಮಾನವೂ ಆಯಿತು, ಸಂತೋಷವೂ ಆಯಿತು.

“ಇದಾರೆ. ಇರು, ನಾನೂ ಬರ್ತೀನಿ. ತಪ್ಪು ನಂದು ಅಂತ ಹೇಳ್ತೀನಿ.”

“ಫೋನಿನಾಗ ಹೇಳ್ರಿ. ಕೂಡ ಬರಬ್ಯಾಡ್ರಿ, ಪೆನಾ ಆಗತೈತಿ.”

ಬಾಗಿಲವರೆಗೆ ಹೋದವಳು ತಿರುಗಿ ಬಂದು, ತಟ್ಟೆಯಲ್ಲಿದ್ದ ಕೊನೆಯ ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಮೆಟ್ಟಿಲು ಹತ್ತಿದಳು. ನೆಲ್ಡಾ ಫೋನ್ ಮಾಡಿದರು. ಗ್ಲಾದಿಸ್ ‘ಜಾಗ ಎಲ್ಲಿಂದ ತರ್ಲಿ?’ ಎಂದು ರೇಗುತ್ತಿರುವಾಗಲೇ ಅತ್ತ ಕಡೆ ಬಾಗಿಲು ಬಡಿದ ಸದ್ದಾಯಿತು. ಆಮೇಲೆ ಮೇಲಿನ ಮಹಡಿಯಿಂದ ಮರಕೈಬೋ ಕಡೆಯ ದನಿ, ಪದಪದವೂ, ಮೆಟ್ಟಿಲ ಕೆಳಗಿನ ಕೋಣೆಗೆ ಕೇಳತೊಡಗಿತು. ಅದು ನಿಲ್ಲುವ ಲಕ್ಷಣ ಕಾಣದೆ ಗ್ಲಾದಿಸ್ ರಾತ್ರಿ ಪಾಳಿಯಲ್ಲೊಂದು ಜಾಗ ಹುಡುಕಿ ಕೊಟ್ಟರು.

ಮುಂದಿನ ಗುರುವಾರ ಯುಲೈಸಿ ಬರಲಿಲ್ಲ. ನೆಲ್ಡಾ ಅವಳ ಹೊತ್ತಿನಲ್ಲಿ ಬೇರೆ ಯಾರನ್ನೂ ಕರೆಯದೆ, ಟೀ ಮಾಡಿಕೊಂಡು ಒಬ್ಬರೇ ಕೂತರು. ಅವರಿಗೆ ಪೆನಾ ಆಯಿತು, ಇದು ಲೋತಾದ್ದು.