ಕೆರೆದಂಡೆಯಲ್ಲಿ ಅವಳಿಗೆ ಬಂದ ನಿದ್ದೆ

ಅವ್ವ ಹಾಸಿಗೆ ಹಿಡಿದಿದ್ದ ಅಷ್ಟೂ ಕಾಲ ಅವಳನ್ನು ನೋಡಿಕೊಂಡವಳು ನನ್ನ ಹೆಂಡತಿ. ನಾನು ಸರ್ಕಾರಿ ಬಸ್ಸಿನ ಡ್ರೈವರ್. ಕುಷ್ಟಗಿಯಿಂದ ಗಾಡಿ ತೆಗೆದರೆ ಮನೆ ಸೇರುವುದು ಮರುದಿನವೇ. ಪಕ್ಕದ ಕೋಣೆಯಿಂದ ಅವ್ವ ಕೂಗಿದಾಗಲೆಲ್ಲ ಎದ್ದು ನೀರು ಕುಡಿಸಿದ್ದು, ಮಗ್ಗುಲು ಹೊರಳಿಸಿದ್ದು, ಸೀರೆ ಬದಲಿಸಿದ್ದು ಎಲ್ಲ ಇವಳೇ. ಸಂಕ್ರಾಂತಿ ಕಳೆದ ಮೇಲೆ ಅವ್ವ ತೀರಿಕೊಂಡಳು. ಇನ್ನಾದರೂ ಇವಳು ಒಂದಿಷ್ಟು ಮಲಗಲಿ ಅಂದುಕೊಂಡೆ. ಆದರೆ ಕಣ್ಣು ಹತ್ತುವಷ್ಟರಲ್ಲೇ ಬೆಚ್ಚಿ ಎದ್ದು ಕೂರುತ್ತಿದ್ದಳು. ಡಾಕ್ಟರು ಕೊಟ್ಟ ಗುಳಿಗೆ ನುಂಗಿ ಹಗಲೆಲ್ಲ ತೂಕಡಿಸುವಳು, ಕತ್ತಲಾದರೆ ಎಚ್ಚರ. ಮಾತು ಕಡಿಮೆಯಾಯಿತು. ಪಲ್ಯಕ್ಕೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದಳು. ನಾನೂ ಸುಮ್ಮನೆ ಉಣ್ಣುತ್ತಿದ್ದೆ.

ಯುಗಾದಿ ಮುಗಿದ ವಾರ, ರೊಟ್ಟಿ ಬಡಿಯುತ್ತಾ ನನ್ನ ಕಡೆ ನೋಡದೆ ಹೇಳಿದಳು: “ಎಲ್ಲ್ಯರ ಬಯಲಾಗ ಕರಕೊಂಡ ಹೋಗ್ರಿ. ಮ್ಯಾಲ ಮಾಳಿಗಿ ಇರಬಾರದು, ಬಾಜೂಕ ಖೋಲಿ ಇರಬಾರದು. ಈ ಮನಿಯೊಳಗ ನನಗ ನಿದ್ದಿ ಬರಾಂಗಿಲ್ಲ.”

ಅವಳು ನನ್ನನ್ನು ಬಾಯಿಬಿಟ್ಟು ಏನಾದರೂ ಕೇಳಿದ್ದೇ ಅಪರೂಪ. ರಜೆ ಹಾಕಿದೆ. ನನ್ನ ಬಸ್ಸಿನ ಕಂಡಕ್ಟರ್ ಗೆಳೆಯರನ್ನು ಕಟ್ಟಿಕೊಂಡು ಗುಡ್ಡ, ಕೆರೆ ಅಂತ ತಿರುಗುವವನು. ಅವನ ಟೆಂಟ್ ಇಸಿದುಕೊಂಡೆ. ರೊಟ್ಟಿ, ಶೇಂಗಾ ಚಟ್ನಿ, ಎರಡು ಚಾದರ ಗಂಟು ಕಟ್ಟಿ ಬೈಕಿನಲ್ಲಿ ಹೊರಟೆವು. ಹಿಟ್ನಾಳದ ಹತ್ತಿರ ಹೆದ್ದಾರಿ ಬಿಟ್ಟು ಸಾಣಾಪುರದ ದಾರಿ ಹಿಡಿದೆವು. ಕಾಲುವೆ ಬಯಲಿನ ಭತ್ತ ಹಣ್ಣಾಗಿತ್ತು. ಹಿಂದೆ ಕೂತವಳು ತೂಕಡಿಸಿ ಬಿದ್ದುಗಿದ್ದಾಳೆಂದು ನಾನು ದಾರಿಯುದ್ದಕ್ಕೂ ಅವಳ ಹೆಸರು ಕರೆಯುತ್ತಲೇ ಇದ್ದೆ.

ಕೆರೆ ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಸುತ್ತ ಬಂಡೆಗುಡ್ಡ, ನಡುವೆ ನೀರು, ದೂರದಲ್ಲಿ ಒಂದೇ ಹರಗೋಲು. ಟೆಂಟಿನ ಕಡ್ಡಿಗಳನ್ನು ಎಷ್ಟು ಜೋಡಿಸಿದರೂ ಅದು ನಿಲ್ಲಲಿಲ್ಲ. ಕಡೆಗೆ ಹೇಗೋ ನಿಂತಿತು ಅನ್ನುವಾಗ ಗುಡ್ಡದ ಸಂದಿಯಿಂದ ಸುಳಿಗಾಳಿ ಎದ್ದು, ಅದನ್ನು ಎತ್ತಿಕೊಂಡು ಹೋಗಿ ಜಾಲಿಗಿಡಕ್ಕೆ ಸಿಕ್ಕಿಸಿತು. ಮುಳ್ಳು ಬಿಡಿಸಿ, ಹರಿದ ಬಟ್ಟೆ ಹಿಡಿದುಕೊಂಡು ಬಂದೆ. ಏನಾದರೂ ಅನ್ನುತ್ತಾಳೆಂದು ನೋಡಿದರೆ, ಬೆಚ್ಚಗಿನ ಬಂಡೆಯ ಮೇಲೆ, ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಮಲಗಿಬಿಟ್ಟಿದ್ದಳು. ಬಾಯಿ ತುಸು ತೆರೆದಿತ್ತು. ಗೊರಕೆಯೂ ಇತ್ತು.

ನಾನು ಪಕ್ಕದಲ್ಲಿ ಕೂತೆ. ಕೆಮ್ಮು ಬಂದರೂ ತಡೆದುಕೊಂಡೆ.

ಹೊತ್ತು ಮುಳುಗುವ ಮುಂಚೆ ಖಾಕಿ ಅಂಗಿ ತೊಟ್ಟ ಒಬ್ಬರು ಬಂದರು, ಅರಣ್ಯ ಇಲಾಖೆಯ ಕಾವಲುಗಾರರು. ದೂರದಿಂದಲೇ ಕೂಗಿದರು: “ಏ ಅಣ್ಣಾರ, ಇಲ್ಲಿ ವಸ್ತಿ ಇರಾಕ ಬರಾಂಗಿಲ್ರಿ! ಕರಡಿ ಇಳೀತಾವ, ಚಿರತಿ ಅದಾವ.”

ನಾನು ಎದ್ದು ಓಡಿ, ಬೆರಳು ತುಟಿಗಿಟ್ಟು, ಎಲ್ಲ ಹೇಳಿದೆ. ಅವ್ವನ ಕಾಯಿಲೆ, ಇವಳ ಎಚ್ಚರ, ಎಲ್ಲ. ಗುರುತಿಲ್ಲದ ಮನುಷ್ಯನಿಗೆ ಯಾಕೆ ಅಷ್ಟು ಹೇಳಿದೆನೋ. ಅವರು ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕೂತರು.

“ನಮ್ಮ ಅಮ್ಮಾನೂ ಹಿಂಗ ಹಾಸಗಿ ಹಿಡದಿದ್ಲರಿ,” ಎಂದರು ಮೆಲ್ಲಗೆ. “ನಮ್ಮ ಮನ್ಯಾಕಿನೂ ಹಿಂಗ ಆಗಿದ್ಲು. ಬೆಳಕ ಇರೋತನಕ ಮಲಗ್ಲಿ. ನಾ ಇಲ್ಲೇ ಕುಂದರ್ತೀನಿ. ಆಮ್ಯಾಲ ನಮ್ಮ ಹೊಲಕ್ಕ ಬರ್ರಿ. ಅಂಗಳದಾಗ ಹೊರಸು ಅದಾವ, ಮ್ಯಾಲ ಮಾಳಿಗಿ ಇಲ್ಲ.”

ಇಬ್ಬರೂ ಅಲ್ಲೇ ಕೂತೆವು. ನೀರಿನ ಬಣ್ಣ ಹೋಗುತ್ತಾ ಬಂತು. ಇನ್ನು ತಡ ಮಾಡುವಂತಿರಲಿಲ್ಲ. ನಾನು ಅವಳ ಭುಜ ಮುಟ್ಟಿದೆ, ಅಷ್ಟೆ.

“ಬಂದ್ನಿ ಅತ್ತಿ!” ಎಂದು ಚೀರಿ ಎದ್ದಳು. ಎದ್ದವಳು ಎರಡು ಹೆಜ್ಜೆ ಓಡಿ ನಿಂತಳು. ಮುಂದೆ ಕೆರೆ. ಅವಳ ಅತ್ತೆ ಎಲ್ಲೂ ಇರಲಿಲ್ಲ. ಆಮೇಲೆ ಕೂತು ಅತ್ತಳು. ಅವ್ವ ಸತ್ತ ದಿನವೂ ಮಣ್ಣಿಗೆ ಬಂದವರಿಗೆಲ್ಲ ಚಹಾ ಕಾಸುತ್ತಾ ಅಳದೇ ಇದ್ದವಳು, ಅವತ್ತು ಆ ಬಂಡೆಯ ಮೇಲೆ ದನಿ ತೆಗೆದು ಅತ್ತಳು. ಕಾವಲುಗಾರರು ಕೆರೆಯ ಕಡೆ ಮುಖ ತಿರುಗಿಸಿ ನಿಂತರು. ನಾನು ನೀರು ಕುಡಿಸಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಅವರ ಹೊಲದ ಮನೆ ಹತ್ತಿರವೇ ಇತ್ತು. ಅವರ ಹೆಂಡತಿ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಳ್ಳುತ್ತಾ ಬಂದು, ಇವಳ ಮುಖ ನೋಡಿದಳು. ಬಿಸಿ ಅನ್ನ, ಹುಣಸೆಹುಳಿಯ ಖಟ್ಟಾ ಸಾರು ಬಡಿಸಿದಳು. “ಅಕ್ಕಾ, ಇನ್ನಷ್ಟು ಹಾಕ್ಕೋ,” ಎಂದಷ್ಟೇ ಅಂದಳು. ಬೇವಿನ ಗಿಡದ ಕೆಳಗೆ ಹುರಿ ಹೆಣೆದ ಹೊರಸು ಹಾಕಿಕೊಟ್ಟರು. ಇವಳು ಗುಳಿಗೆ ಮರೆತು ಮಲಗಿದಳು.

ಬೆಳಿಗ್ಗೆ ಬಿಸಿಲು ಮುಖಕ್ಕೆ ಬಂದರೂ ಅವಳು ಏಳಲಿಲ್ಲ. ನಾವು ಮೂವರೂ ಸೇರಿ ಹೊರಸನ್ನು ಎತ್ತಿ ನೆರಳಿಗೆ ಇಟ್ಟೆವು, ಆಗಲೂ ಎಚ್ಚರವಾಗಲಿಲ್ಲ. ಎದ್ದಾಗ ಊಟದ ಹೊತ್ತು. ಕೆನ್ನೆಯ ಮೇಲೆ ಹೊರಸಿನ ಹುರಿಯ ಗುರುತು ಮೂಡಿತ್ತು.

“ಇವತ್ತೊಂದಿನ ಇಲ್ಲೇ ಇರೂಣೇನ್ರಿ?” ಎಂದಳು.

ಡಿಪೋಗೆ ಫೋನ್ ಮಾಡಿ ರಜೆ ಮುಂದುವರಿಸಿದೆ. ಅತ್ತ ಕಡೆಯವರು ಬೈದರು, ಬೈಯಿಸಿಕೊಂಡೆ. ಆಮೇಲೆ ಅವಳು ಎದ್ದುಹೋದ ಹೊರಸಿನ ಮೇಲೆ ಸುಮ್ಮನೆ ಬೆನ್ನು ಚಾಚಿದೆ. ನನ್ನ ಮೈಯೂ ಇಷ್ಟು ದಣಿದಿದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ಆ ಹೆಣ್ಣುಮಗಳ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಮಾತಾಡುತ್ತಿದ್ದಳು. ಆ ಮಾತು ಕೇಳುತ್ತಾ ಕೇಳುತ್ತಾ ನನಗೂ ಕಣ್ಣು ಹತ್ತಿತು.