ಎಡಗಾಲಿನ ಹಿಮ್ಮಡಿ

ಸತ್ತವರು ಮನೆಯಲ್ಲಿ ಓಡಾಡುತ್ತಾರೆ ಎನ್ನುವವರನ್ನು ಕಂಡರೆ ನನಗೆ ಮೊದಲು ನಗು ಬರುತ್ತಿತ್ತು. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಅಲ್ಲ. ನೆನಪು ತನಗೆ ಬೇಕಾದಂತೆ ತನ್ನನ್ನು ತಿದ್ದಿಕೊಳ್ಳುತ್ತದೆ. ಹಲವು ವರ್ಷ ದಿನಚರಿ ಬರೆದು, ಅದನ್ನೇ ಮತ್ತೆ ಓದಿ ನಾನು ಕಲಿತದ್ದು ಇಷ್ಟೇ. ಆದ್ದರಿಂದ ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಎಲ್ಲಿ ನನಗೇ ಅನುಮಾನವಿದೆಯೋ ಅದನ್ನೂ ಹೇಳುತ್ತೇನೆ.

ನಾನು ಬೆಟಗೇರಿಯ ನೇಕಾರರ ಮನೆಯವನು. ಪಿಯುಸಿ ಮುಗಿದೊಡನೆ ನೌಕಾಪಡೆಗೆ ನಾವಿಕನಾಗಿ ಸೇರಿದೆ. ಹಡಗಿನಲ್ಲಿ ರಾಡಾರ್ ಪರದೆ ನೋಡುವ ಕೆಲಸ. ಬಿಡುವಿನಲ್ಲಿ ಓದಿ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ಪದವಿ ಪಡೆದೆ. ನಾವಿಕರೂ ಅಧಿಕಾರಿಯಾಗಲು, ಅದರಲ್ಲೂ ಪೈಲಟ್ ಆಗಲು ಅರ್ಜಿ ಹಾಕಬಹುದು ಎಂದು ತಿಳಿದ ದಿನದಿಂದ ಬೇರೆ ಯೋಚನೆ ಇರಲಿಲ್ಲ. ಆದರೆ ವಿಮಾನ ನಡೆಸುವ ಸಾಮರ್ಥ್ಯ ನಿನ್ನಲ್ಲಿದೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ. ಅದನ್ನು ಜೀವಮಾನದಲ್ಲಿ ಒಂದೇ ಸಲ ಬರೆಯಬೇಕು. ಬರೆಯುವುದೆಂದರೆ ಪೆನ್ನು ಹಿಡಿದಲ್ಲ, ಕೈಯಿಂದ, ಕಾಲಿನಿಂದ. ಅದರಲ್ಲಿ ಸೋತವನಿಗೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಅರ್ಜಿ ಒಪ್ಪಿಗೆಯಾಗಿ ಪರೀಕ್ಷೆಗೆ ಕರೆ ಬಂದಾಗ ಅಪ್ಪ ತೀರಿಕೊಂಡು ಸ್ವಲ್ಪ ದಿನವಾಗಿತ್ತು. ಅವನು ಹೋದಾಗ ನಾನು ಸಮುದ್ರದಲ್ಲಿದ್ದೆ. ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ನಾನು ಅಳಲಿಲ್ಲ. ಅಳು ಬರದಿರುವುದಕ್ಕೆ ದುಃಖವೂ ಆಗಲಿಲ್ಲ. ಬಂದವರಿಗೆ ಚಹಾ ಕೊಟ್ಟೆ, ಹೋಗುವವರನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟೆ. ಒಳಗೆ ಎಲ್ಲವೂ ಮರಗಟ್ಟಿದಂತಿತ್ತು.

ಮಗ್ಗದ ಮೇಲೆ ಅಪ್ಪ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಲಕ್ಷ್ಮೇಶ್ವರದ ಒಂದು ಮದುವೆ ಮನೆಗೆ ಹೋಗಬೇಕಾದದ್ದು. ಹೋದವರು ಬಿಟ್ಟ ಸೀರೆಯನ್ನು ನಮ್ಮಲ್ಲಿ ಹೊರಗಿನವರು ಮುಗಿಸುವಂತಿಲ್ಲ. ಮನೆಯವರದೇ ಕೈ ಆಗಬೇಕು. ಮದುವೆಗೆ ಹೋಗುವ ಸೀರೆಯಲ್ಲಿ ಸಾವಿನ ಮನೆಯ ಎಳೆ ತುಂಡಾಗಿ ಉಳಿಯಬಾರದು ಎಂದು ಅವ್ವ ಹೇಳಿದಳು. ನಾನು ಹೊರಡುವ ಹಿಂದಿನ ದಿನ ಮಗ್ಗಕ್ಕೆ ಕೂತೆ. ಪಕ್ಕದ ಮನೆಯ ಖಾದರಸಾಬ ಕಾಕಾ, ಓಣಿಯ ಮಗ್ಗಗಳಿಗೆಲ್ಲ ನೂಲಿಗೆ ಬಣ್ಣ ಹಾಕಿಕೊಡುವವರು, ಅಪ್ಪನ ಜೀವದ ಗೆಳೆಯ, ಬಾಗಿಲಲ್ಲಿ ನಿಂತು ನೋಡಿದರು.

"ನೀರಾಗ ಇದ್ದಾಂವ ಈಗ ಗಾಳ್ಯಾಗ ಹೊಂಟಿ. ನಮ್ಮ ನೆಲ ಏನ್ ತಪ್ಪ ಮಾಡೇತೋ ತಮ್ಮಾ?" ಎಂದರು. ನನ್ನ ಕೈಯಲ್ಲಿ ಎರಡು ಎಳೆ ಹರಿದದ್ದನ್ನು ನೋಡಿ, ಸೀರಿ ಉಡೋ ಹುಡುಗಿ ಪುಣ್ಯಾ ಗಟ್ಟಿ ಇರಲಿ ಎಂದು ಹೇಳಿ ಹೋದರು.

ನಮ್ಮದು ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಒಂದು ಕೆಳಗಿಳಿದರೆ ಇನ್ನೊಂದು ಮೇಲೇಳುತ್ತದೆ. ಕೈಯಲ್ಲಿ ಅಡ್ಡ ಎಳೆ ಓಡಿಸುವ ಲಾಳಿ. ಅಪ್ಪ ಸಣ್ಣವನಿದ್ದಾಗ ಚಕ್ಕಡಿಯ ಗಾಲಿಗೆ ಸಿಕ್ಕು ಅವನ ಎಡಗಾಲಿನ ಹೆಬ್ಬೆರಳು ಹೋಗಿತ್ತು. ಅದಕ್ಕೆ ಎಡಗಡೆಯ ಹಲಗೆಯನ್ನು ಹಿಮ್ಮಡಿಯಿಂದ ಒತ್ತುತ್ತಿದ್ದ. ಬಲಗಾಲಿನ ಸದ್ದು ಮೆತ್ತಗೆ, ಎಡಗಾಲಿನದು ಗಟ್ಟಿ. ಓಣಿಯಲ್ಲಿ ಕಣ್ಣು ಮುಚ್ಚಿ ನಡೆದರೂ ನಮ್ಮ ಮನೆ ಯಾವುದೆಂದು ತಿಳಿಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ನನ್ನ ಕಾಲುಗಳು ಜೋಮು ಹಿಡಿದವು. ಮೊಣಕಾಲಿನ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಏಳಬೇಕೆಂದುಕೊಂಡೆ. ಆದರೆ ಹಲಗೆಗಳು ನಿಂತಿರಲಿಲ್ಲ. ಎಳೆ ಹರಿಯುವುದು ನಿಂತಿತ್ತು, ಲಾಳಿ ತಡೆಯಿಲ್ಲದೆ ಓಡುತ್ತಿತ್ತು, ಕೆಳಗಿನಿಂದ ಒಂದು ಮೆತ್ತನೆಯ, ಒಂದು ಗಟ್ಟಿ ಸದ್ದು ಬರುತ್ತಿತ್ತು. ನಾನು ಬಗ್ಗಿ ಕುಣಿಯೊಳಗೆ ನೋಡಲಿಲ್ಲ. ಯಾಕೆಂದು ಬಹಳ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಆಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ನೋಡಬೇಕು ಎಂದೇ ಅನ್ನಿಸಲಿಲ್ಲ.

ಒಳಗಿನಿಂದ ಅವ್ವನ ದನಿ ಬಂತು.

"ಹೊತ್ತಾತು, ಗುಳಿಗಿ ತಗೊಂಡ ಕೂಡ್ರಿ."

ಮಧ್ಯಾಹ್ನ ಬಿಪಿ ಗುಳಿಗೆ ನುಂಗುತ್ತಿದ್ದವನು ಅಪ್ಪ. ಸ್ವಲ್ಪ ಹೊತ್ತಿಗೆ ಅವ್ವ ನೀರಿನ ತಂಬಿಗೆ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ನನ್ನನ್ನು ನೋಡಿದಳು. ತಂಬಿಗೆಯನ್ನು ನೆಲಕ್ಕಿಟ್ಟು ಒಳಗೆ ಹೋದಳು. ಸಂಜೆಯೊಳಗೆ ಸೀರೆ ಮುಗಿಯಿತು. ಕಾಕಾ ಬಂದು ಸೀರೆಯನ್ನು ಬೆರಳಲ್ಲಿ ಸವರಿ, ಮಧ್ಯಾಹ್ನ ಮಗ್ಗದ ಮೇಲೆ ಯಾರಿದ್ದರು ಎಂದು ಕೇಳಿದರು. ನಾನೇ ಎಂದೆ.

"ಮೊದಲ ನೀ ಕೂತಿದ್ದು ಗೊತ್ತಾತು. ಆಮ್ಯಾಲೆ ಯಾರು?"

ಕಾಕಾ ಚೇಷ್ಟೆಯ ಮನುಷ್ಯ, ಅವರ ಮಾತನ್ನು ಸಾಕ್ಷಿಯೆಂದು ಹಿಡಿಯಲಾರೆ. ಆದರೆ ಆಗ ಅವರು ನಗುತ್ತಿರಲಿಲ್ಲ. ಆ ದಿನದ ನನ್ನ ದಿನಚರಿಯಲ್ಲಿ ಇರುವುದು "ಸೀರೆ ಮುಗಿಯಿತು, ಕಾಲು ಜೋಮು" ಎಂದಷ್ಟೇ. ಸದ್ದಿನ ಮಾತಿಲ್ಲ. ಗುಳಿಗೆಯ ಮಾತು ಮುಂದೆಂದೋ ಅವ್ವನಿಗೆ ನೆನಪಿಸಿದಾಗ, ತಾನು ಹಾಗೆ ಅಂದೇ ಇಲ್ಲ ಎಂದಳು. ಇಲ್ಲಿಗೇ ಮುಗಿದಿದ್ದರೆ ಇದೆಲ್ಲ ಒಂದು ಸಾವಿನ ಮನೆಯ ಭ್ರಮೆ ಎಂದು ನಾನೂ ಸುಮ್ಮನಾಗುತ್ತಿದ್ದೆ.

ಪರೀಕ್ಷೆಯ ಕೋಣೆಯಲ್ಲಿ ಒಂದು ಪರದೆ, ಕೈಗೊಂದು ಹಿಡಿಕೆ, ಕಾಲಿಗೆರಡು ಪೆಡಲ್. ಪರದೆಯ ಮೇಲೆ ಓಡಾಡುವ ಚುಕ್ಕೆಯನ್ನು ನಡುವಿನ ಚೌಕದಲ್ಲಿ ಹಿಡಿದಿಡಬೇಕು. ಮೇಲೆ ಕೆಳಗೆ ಸರಿದರೆ ಕೈ, ಅಡ್ಡ ಸರಿದರೆ ಕಾಲು. ಹೆಚ್ಚಿನವರು ಕಾಲಿನಲ್ಲೇ ಸೋಲುತ್ತಾರೆ. ಜೋರಾಗಿ ಒತ್ತಿ, ತಪ್ಪಿತೆಂದು ಇನ್ನೊಂದನ್ನು ಒತ್ತಿ, ಚುಕ್ಕೆಯನ್ನು ಪರದೆಯಾಚೆ ಓಡಿಸುತ್ತಾರೆ. ಶುರುವಿನಲ್ಲಿ ನಾನೂ ಅದನ್ನೇ ಮಾಡಿದೆ. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆಗ ಕಾಲುಗಳು ಜೋಮು ಹಿಡಿದವು. ಚುಕ್ಕೆ ಚೌಕದೊಳಗೆ ಬಂದು ಅಲ್ಲೇ ನಿಂತಿತು. ಕೈಯದು ನನ್ನ ಕೆಲಸ, ಅದನ್ನು ನಾನು ಬಲ್ಲೆ. ಕಾಲಿನ ಬಗ್ಗೆ ಹೇಳಲಾರೆ.

ಪಾಸಾಗಿದ್ದೆ. ಪರೀಕ್ಷೆ ನಡೆಸಿದ ಅಧಿಕಾರಿ ನನ್ನನ್ನು ಹಿಂದಕ್ಕೆ ಕರೆದು, ಎಡಗಾಲಿಗೆ ಯಾವಾಗಲಾದರೂ ಪೆಟ್ಟಾಗಿತ್ತೇ ಎಂದು ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದೆ. ಮತ್ತೆ ಯಾಕೆ ಹಿಮ್ಮಡಿಯಿಂದ ಒತ್ತುತ್ತೀ ಎಂದರು. ಅವರು ಬೆಟಗೇರಿ ಕಂಡವರಲ್ಲ. ಅಪ್ಪನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಮುಂದೆ ವೈದ್ಯಕೀಯ ತಪಾಸಣೆಯಲ್ಲಿ ಆ ಕಾಲನ್ನು ಬೇರೆಯಾಗಿಯೇ ನೋಡಿದರು. ಹೆಬ್ಬೆರಳು ಮಡಚು ಎಂದರು ವೈದ್ಯರು. ಮಡಚಿದೆ. ಚಾಚು ಎಂದರು. ಚಾಚಿದೆ. ಏನೂ ತೊಂದರೆಯಿಲ್ಲ ಎಂದು ಬರೆದುಕೊಂಡರು. ಆಯ್ಕೆಯಾದ ಸುದ್ದಿ ಬಂದಾಗ ಹಡಗಿನಲ್ಲಿ ಗೆಳೆಯರು ನನ್ನನ್ನು ಎತ್ತಿ ಕುಣಿಸಿದರು. ನನಗೆ ಮಾತ್ರ ಯಾರದೋ ಸುದ್ದಿ ಕೇಳಿದಂತಿತ್ತು.

ಹಾರಾಟದ ತರಬೇತಿಯಲ್ಲಿ ನಾನು ಎಲ್ಲರಿಗಿಂತ ಹಿಂದೆ ಬಿದ್ದೆ. ಕಾಲಿನದೇ ತೊಂದರೆ. ಗಾಳಿ ಅಡ್ಡ ಬಂದರೆ ವಿಮಾನದ ಮೂಗನ್ನು ನೇರ ಇಡಲು ಪೆಡಲ್ ಒತ್ತಬೇಕು. ನನ್ನದು ಯಾವಾಗಲೂ ತಡ, ಯಾವಾಗಲೂ ಹೆಚ್ಚು. ಒಮ್ಮೆ ಬೇಕೆಂದೇ ಎಡ ಪೆಡಲನ್ನು ಹಿಮ್ಮಡಿಯಿಂದ ಒತ್ತಿ ನೋಡಿದೆ. ವಿಮಾನ ಓಲಾಡಿತು, ಬೈಗುಳ ತಿಂದೆ. ಜೋಮು ಹಿಡಿಯಲಿ ಎಂದು ಕಾದದ್ದೂ ಉಂಟು. ಹಿಡಿಯಲಿಲ್ಲ. ಇನ್ನು ಕೆಲವೇ ಹಾರಾಟಗಳಲ್ಲಿ ತಿದ್ದಿಕೊಳ್ಳದಿದ್ದರೆ ಮನೆಗೆ ಕಳಿಸುವುದಾಗಿ ಹೇಳಿದರು. ಹೇಗೋ ತಿದ್ದಿಕೊಂಡೆ. ಈಗ ಹಾರಿಸುತ್ತೇನೆ. ಸಾಧಾರಣ ಪೈಲಟ್, ಕೆಟ್ಟವನಲ್ಲ.

ತರಬೇತಿಯ ಆ ದಿನಗಳಲ್ಲಿ ನನ್ನ ಶಿಕ್ಷಕರು ಹಳೆಯ ಪರೀಕ್ಷೆಯ ಅಂಕ ತರಿಸಿ ನೋಡಿ, ನನ್ನ ಕಡೆ ತಿರುಗಿ, ಅವತ್ತು ನಿನ್ನ ಬದಲು ಯಾರು ಕೂತಿದ್ದರಪ್ಪ ಎಂದು ಕೇಳಿದರು. ಉಳಿದವರೆಲ್ಲ ನಕ್ಕರು. ನಾನೇ ಸರ್ ಎನ್ನಬೇಕಿತ್ತು. ಬಗ್ಗಿ ನನ್ನ ಎಡಗಾಲನ್ನು ನೋಡಿದೆ. ಅವರು ಮುಂದಿನವನನ್ನು ಕರೆದರು.