ಹಟವೋ, ಉಸಿರೋ

2023ರಲ್ಲಿ ನಾನು ಕುರ್ಲಾ ಪಶ್ಚಿಮದ ಒಂದು ಧರ್ಮಾರ್ಥ ದವಾಖಾನೆಯಲ್ಲಿ ಮಕ್ಕಳ ವೈದ್ಯೆಯಾಗಿದ್ದೆ. ನನ್ನದು ಉಡುಪಿ ಕಡೆಯ ಕನ್ನಡ. ಆದರೂ ಕನ್ನಡ ಬಲ್ಲ ಡಾಕ್ಟರಿದ್ದಾರೆ ಎಂಬ ಸುದ್ದಿ ಹಿಡಿದು ಬೆಳಗಾವಿ, ವಿಜಯಪುರ ಕಡೆಯವರು ಧಾರಾವಿಯಿಂದಲೂ ಬರುತ್ತಿದ್ದರು. ಹಾಗೆ ಬಂದವಳು ವಿಜಯಪುರದ ಶಾಹೀನ್. ಗಂಡ ಮಕ್ಬೂಲ್ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಟೇಲರ್. ಅವರ ನಾಲ್ಕು ವರ್ಷದ ಮಗಳು ಝೋಯಾ ಮೊದಲ ದಿನವೇ ನನ್ನ ಸ್ಟೆತಸ್ಕೋಪ್ ಕಿತ್ತು ಎಸೆದಳು. ಹಿಡಿಯಲು ಬಂದ ನರ್ಸಿನ ಕೈ ಕಚ್ಚಿದಳು.

"ಕಚ್ಚತಾಳ, ಹೊಡೀತಾಳ, ರಾತ್ರಿ ನಿದ್ದಿ ಮಾಡಂಗಿಲ್ರಿ ಮೇಡಂ. ಇನ್ನೊಂದ ಸಲ ಯಾರಿಗರ ಕಚ್ಚಿದ್ರ ಕಳಸಬ್ಯಾಡ್ರಿ ಅಂತ ನರ್ಸರಿಯವ್ರು ಅಂದಾರ," ಎಂದಳು ಶಾಹೀನ್. ಹೇಳುವಾಗ ಅವಳ ಕಣ್ಣು ಮುಚ್ಚಿ ಮುಚ್ಚಿ ಹೋಗುತ್ತಿತ್ತು. ಅವಳೂ ಮಲಗಿ ಎಷ್ಟು ದಿನವಾಗಿತ್ತೋ.

ಮಗುವಿನ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ ಕೆರೆದು ಕೆರೆದು ಹಸಿಯಾಗಿದ್ದವು. ಅದು ಎಕ್ಸಿಮಾ, ಅಂದರೆ ತುರಿಕೆಯ ಚರ್ಮರೋಗ. ರಾತ್ರಿಯಿಡೀ ತುರಿಸಿಕೊಳ್ಳುವ ಮಗು ಹಗಲು ಸಿಡುಕದೆ ಇನ್ನೇನು ಮಾಡೀತು? ಆಹಾರದ ಬಗ್ಗೆ ಕೇಳಿದಾಗ ಇನ್ನೊಂದು ವಿಷಯ ಹೊರಬಿತ್ತು. ಊರಿನಿಂದ ಅಜ್ಜಿ ಕಳಿಸುವ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ತಿಂದಾಗ ಎರಡು ಸಲ ತುಟಿ ಊದಿತ್ತು. ಮನೆಯವರು ಉಷ್ಣ ಎಂದುಕೊಂಡಿದ್ದರು. ಪರೀಕ್ಷೆ ಮಾಡಿಸಿದೆವು. ಶೇಂಗಾಕ್ಕೆ ತೀವ್ರ ಅಲರ್ಜಿ ಇತ್ತು.

ಇಂಥ ಅಲರ್ಜಿ ಮಿತಿಮೀರಿದರೆ ಅದಕ್ಕೆ ಅನಾಫಿಲ್ಯಾಕ್ಸಿಸ್ ಎನ್ನುತ್ತೇವೆ. ಗಂಟಲು ಬಾತುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆಗ ತೊಡೆಯ ಹೊರಭಾಗಕ್ಕೆ ಅಡ್ರಿನಲಿನ್ ಇಂಜೆಕ್ಷನ್ ತಕ್ಷಣ ಬೀಳಬೇಕು. ಅದಕ್ಕೆಂದೇ ಪೆನ್ನಿನಂಥ ಸಾಧನವಿದೆ, ಆದರೆ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಶಾಹೀನ್‌ಗೆ ಆಂಪ್ಯೂಲ್ ಎಂಬ ಪುಟ್ಟ ಗಾಜಿನ ಸೀಸೆಯ ಕತ್ತು ಮುರಿದು, ಸಿರಿಂಜಿನಲ್ಲಿ ಔಷಧ ಎಳೆದು ಚುಚ್ಚುವುದನ್ನೇ ಕಲಿಸಿ, ಎರಡನ್ನೂ ಮನೆಯಲ್ಲಿಡಲು ಕೊಟ್ಟೆ. ಬೇಗ ಕಲಿತಳು. ಮಕ್ಬೂಲ್ ಮಾತ್ರ ಬಾಗಿಲ ಹೊರಗೇ ನಿಂತಿದ್ದ.

ಮುಲಾಮಿನಿಂದ ತುರಿಕೆ ತಗ್ಗಿತು, ನಿದ್ದೆ ಬಂತು, ಕಚ್ಚುವುದೂ ಕಡಿಮೆಯಾಯಿತು. ಹಟ ಮಾತ್ರ ಉಳಿಯಿತು. ಅತ್ತಳೆಂದು ಕೇಳಿದ್ದನ್ನೆಲ್ಲ ಕೊಡಬೇಡಿ, ಅಳು ನಿಲ್ಲುವವರೆಗೆ ಪಕ್ಕದಲ್ಲಿ ಸುಮ್ಮನೆ ಕೂತಿರಿ ಎಂದು ನಮ್ಮ ಕೌನ್ಸೆಲರ್ ಹೇಳಿಕೊಟ್ಟರು. ಆದರೆ ಝೋಯಾ ನಮಗಿಂತ ಚುರುಕು. "ಗಂಟಲಾಗ ಕಡೀತೈತಿ" ಎಂದರೆ ಸಾಕು, ಮನೆಯವರು ಗಾಬರಿಬೀಳುತ್ತಾರೆ, ಕಿತ್ತುಕೊಂಡ ಮೊಬೈಲ್ ಮರಳಿ ಬರುತ್ತದೆ ಎಂದು ಕಂಡುಕೊಂಡಳು. ಸ್ನಾನ ಬೇಡವಾದರೂ ಗಂಟಲು, ನರ್ಸರಿ ಬೇಡವಾದರೂ ಗಂಟಲು. ಒಂದು ಸಲ ಆಟೋದಲ್ಲಿ ದವಾಖಾನೆಗೆ ಓಡಿ ಬಂದರೆ ಮಗು ನಗುತ್ತ ಇಳಿಯಿತು. ಅಂದು ಮಕ್ಬೂಲನ ಮುಖ ಕೆಂಪಾಗಿತ್ತು.

ಡಿಸೆಂಬರಿನ ಒಂದು ಮಧ್ಯಾಹ್ನ ಓಪಿಡಿ ತುಂಬಿತ್ತು. ಶಾಹೀನ್‌ಳ ಫೋನ್ ಬಂತು.

"ಮೇಡಂ, ಈಗಷ್ಟ ಮೊಬೈಲ್ ಕಸಗೊಂಡೆ. ನೆಲಕ್ಕ ಬಿದ್ದು ಹೊರಳಾಡಾಕತ್ತಾಳ. ಗಂಟಲಾ ಅಂತಾಳ. ಖರೇನೋ ಸುಳ್ಳೋ ತಿಳೀವಲ್ದು."

ಹಿಂದಿನಿಂದ ಊಟಕ್ಕೆ ಬಂದಿದ್ದ ಮಕ್ಬೂಲನ ದನಿ ಕೇಳಿಸಿತು: "ನಾಟಕ ಐತಿ! ಸೂಜಿ ಚುಚ್ಚಬ್ಯಾಡ, ಸುಮ್ನ ಬಿಡಾಕಿನ್ನ!"

"ಏನಾದರೂ ತಿಂದಳೇ?"

"ಬಾಜೂ ಮನಿ ಮಾವಶಿ ಉಪವಾಸದ ಖಿಚಡಿ ಕೊಟ್ಟಿದ್ರು. ಶೇಂಗಾ ಆರಿಸಿ ತಗದೇನಿ ಅಂದ್ರು."

ಸಾಬೂದಾಣಾ ಖಿಚಡಿಯಲ್ಲಿ ಶೇಂಗಾ ಪುಡಿ ಕಾಳುಕಾಳಿಗೂ ಅಂಟಿರುತ್ತದೆ. ಆರಿಸಿದರೆ ಹೋಗುವಂಥದ್ದಲ್ಲ.

"ಶಾಹೀನ್, ಅವಳು ಹೇಳೋದು ಬಿಡಿ. ಅಂಗಿ ಎತ್ತಿ ಮೈ ನೋಡಿ."

ಫೋನ್ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಹೊಟ್ಟಿ ತುಂಬ ಕೆಂಪ್ ಕೆಂಪ್ ಗಂದಿ ಎದ್ದಾವ್ರಿ. ವಾಂತಿನೂ ಮಾಡ್ಕೊಂಡಾಳ."

"ಫೋನ್ ಅವಳ ಬಾಯಿ ಹತ್ತಿರ ಹಿಡೀರಿ."

ಅಳು ಕೇಳಿಸಿತು. ಓಪಿಡಿಯಲ್ಲಿ ಕಿವಿ ಗಡಚಿಕ್ಕುವಂತೆ ಕಿರುಚುತ್ತಿದ್ದ ಹುಡುಗಿಯ ದನಿ ಅದಾಗಿರಲಿಲ್ಲ. ಒಡೆದ ಪೀಪಿಯ ಹಾಗೆ ಗೊಗ್ಗರು. ಪ್ರತಿ ಉಸಿರಿನ ಕೊನೆಗೆ ಸಣ್ಣ ಸಿಳ್ಳೆ.

"ಈಗಲೇ ಚುಚ್ಚಿ. ಯಾರ ಮಾತನ್ನೂ ಕೇಳಬೇಡಿ."

ಮಕ್ಬೂಲ್ ಇನ್ನೂ ಏನೋ ಕೂಗುತ್ತಿದ್ದ. ಶಾಹೀನ್ ದಖನಿ ಉರ್ದುವಿನಲ್ಲಿ ಒಂದೇ ಮಾತು ಹೇಳಿದಳು: "ಪಾಂವ್ ಪಕಡೋ ಉಸ್ಕೆ." ಅವಳ ಕಾಲು ಅಲುಗದಂತೆ ಹಿಡಿ ಎಂದರ್ಥ. ಆಮೇಲೆ ಗಾಜಿನ ಆಂಪ್ಯೂಲ್ ಮುರಿದ ಸದ್ದು. ಅದಾದ ಮೇಲೆ ಲೈನ್ ಕಟ್ಟಾಯಿತು.

ನಾನು ಮತ್ತೆ ಮತ್ತೆ ಡಯಲ್ ಮಾಡಿದೆ. ಎದುರಿಗಿದ್ದ ಮಗುವಿನ ಜ್ವರ ಎಷ್ಟೆಂದು ನರ್ಸ್ ಹೇಳಿದ್ದು ತಲೆಗೆ ಹೋಗಲಿಲ್ಲ. ಅನೇಕ ಪ್ರಯತ್ನಗಳ ನಂತರ ಫೋನ್ ಎತ್ತಿದ್ದು ಮಕ್ಬೂಲ್. ಹಿಂದೆ ಆಟೋದ ಸದ್ದು. "ಉಸರಾ ಸಡಲ ಆಗೈತ್ರಿ ಮೇಡಂ. ಅಳಾಕತ್ತಾಳ. ಜೋರಾಗೇ ಅಳಾಕತ್ತಾಳ."

"ಅಳಲಿ ಬಿಡಿ. ಮಲಗಿಸಿಕೊಂಡೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಸುಧಾರಿಸಿದಳೆಂದು ಮನೆಗೆ ಮಾತ್ರ ತಿರುಗಬೇಡಿ."

ಅದಕ್ಕೆ ಕಾರಣವಿತ್ತು. ಈ ಪ್ರತಿಕ್ರಿಯೆ ಅಡಗಿದಂತೆ ಕಂಡು ಕೆಲವು ಗಂಟೆಗಳ ನಂತರ ಮರುಕಳಿಸಬಹುದು. ಝೋಯಾಳಿಗೂ ಸಂಜೆ ಹಾಗೆಯೇ ಆಯಿತು. ಆಸ್ಪತ್ರೆಯಲ್ಲೇ ಇದ್ದುದರಿಂದ ಎರಡನೇ ಇಂಜೆಕ್ಷನ್ ಕೂಡಲೇ ಬಿತ್ತು. ಓಪಿಡಿ ಮುಗಿಸಿ ನಾನು ಹೋದಾಗ ಮಗು ಮಲಗಿತ್ತು. ಶಾಹೀನ್‌ಳ ಬೆರಳಿಗೆ ಗಾಜು ಕುಯ್ದು ರಕ್ತ ಹೆಪ್ಪುಗಟ್ಟಿತ್ತು. ಅವಳು ಅದನ್ನು ಗಮನಿಸಿಯೇ ಇರಲಿಲ್ಲ. ಖಿಚಡಿ ಕೊಟ್ಟ ಮಾವಶಿ ಕಾರಿಡಾರಿನಲ್ಲಿ ಕೂತು ಅಳುತ್ತಿದ್ದರು. ಶಾಹೀನ್ ಎದ್ದು ಹೋಗಿ ಅವರ ಪಕ್ಕ ಕೂತಳು.

ಮುಂದಿನ ವಾರ ಮಕ್ಬೂಲ್ ಒಬ್ಬನೇ ಬಂದ. "ನನಗೂ ಕಲಸ್ರಿ," ಎಂದ. ನೀರು ತುಂಬಿದ ಸಿರಿಂಜ್ ಕೊಟ್ಟೆ. "ದಿನಾ ಸೂಜಿ ಹಿಡಿಯೋ ಕೈರೀ ಇವು," ಎನ್ನುತ್ತ ಸಂಕೋಚದಿಂದ ನಕ್ಕ. ಮೊದಲ ಸಲ ಅರ್ಧ ನೀರನ್ನು ಮೇಜಿನ ಮೇಲೆ ಚೆಲ್ಲಿದ. ಎಷ್ಟೋ ಸಲ ಮಾಡಿದ ಮೇಲೆ ಕೈ ಪಳಗಿತು.

ಕೌನ್ಸೆಲರ್ ಜೊತೆ ಕೂತು ನಾವು ಹೊಸ ಕ್ರಮ ಮಾಡಿಕೊಂಡೆವು. ಝೋಯಾ ಗಂಟಲು ಎಂದಾಗಲೆಲ್ಲ ಬೈಯದೆ ಮೈ, ದನಿ, ಉಸಿರು, ಹೊಟ್ಟೆ ನೋಡುವುದು. ಏನೂ ಇಲ್ಲದಿದ್ದರೆ ಅವಳ ಮೇಲೆ ಕಣ್ಣಿಟ್ಟೇ ಸ್ನಾನ ಮಾಡಿಸುವುದು. ಮೊಬೈಲ್ ಮಾತ್ರ ಕೊಡುವುದಿಲ್ಲ. ಲಾಭವಿಲ್ಲದ ಸುಳ್ಳು ತಾನಾಗಿ ಸವೆಯಿತು. ಅದಕ್ಕೆ ಒಂದು ವರ್ಷವೇ ಹಿಡಿಯಿತು, ನಡುನಡುವೆ ಕಚ್ಚಿದ್ದೂ ಉಂಟು.

ಈಗಲೂ ಕಿರಿಯ ಡಾಕ್ಟರುಗಳು ಯಾವುದೋ ಮಗುವಿನ ಕೇಸ್ ಒಪ್ಪಿಸುವಾಗ "ತುಂಬಾ ಹಟಮಾರಿ, ಮೇಡಂ" ಎಂದು ಶುರು ಮಾಡುತ್ತಾರೆ. ನಾನು ತಡೆಯುತ್ತೇನೆ. "ಅದನ್ನು ಕೊನೆಗೆ ಹೇಳಿ. ಮೊದಲು ಉಸಿರು ಹೇಗಿದೆ ಹೇಳಿ."